ಇದೇ ಥರದ್ದು ಇನ್ನೊಂದು ಕೊಡಿ: ಗ್ರಂಥಾಲಯ ಸಿಬ್ಬಂದಿ ಮತ್ತು ಕಾದಂಬರಿಯ ಓದುಗರು



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ನಮ್ಮ ವೃತ್ತಿಯ ಒಂದು ಪುಟ್ಟ ಗಳಿಗೆಯನ್ನು. ಓದುಗರೊಬ್ಬರು ಕೌಂಟರಿಗೆ ಬಂದು, ಓದಿ ಮುಗಿಸಿದ ಕಾದಂಬರಿಯನ್ನು ಮೇಜಿನ ಮೇಲಿಟ್ಟು, "ಚೆನ್ನಾಗಿತ್ತು, ಇದೇ ಥರದ್ದು ಇನ್ನೊಂದಿದ್ದರೆ ಕೊಡಿ" ಎನ್ನುತ್ತಾರೆ. ಆಗ ನಾವೇನು ಮಾಡುತ್ತೇವೆ? ಹೆಚ್ಚಿನ ಕಡೆ ಕೈ ಕಪಾಟಿನತ್ತ ತೋರುತ್ತದೆ: "ಅಲ್ಲಿವೆ ನೋಡಿ, ಬೇಕಾದ್ದು ತಗೊಳ್ಳಿ." ಓದುಗರು ಸ್ವಲ್ಪ ಹೊತ್ತು ಬೆನ್ನುಪಟ್ಟಿಗಳನ್ನು ನೋಡಿ, ಪರಿಚಯದ ಹೆಸರೊಂದು ಸಿಕ್ಕರೆ ಎತ್ತಿಕೊಳ್ಳುತ್ತಾರೆ, ಸಿಗದಿದ್ದರೆ ದಿನಪತ್ರಿಕೆ ತಿರುವಿ ಮನೆಗೆ ಹೋಗುತ್ತಾರೆ. ಆ ಗಳಿಗೆಯಲ್ಲಿ ಗ್ರಂಥಾಲಯದ ಸಿಬ್ಬಂದಿ ಮಾಡಬಹುದಾದ ಕೆಲಸ ಬಹಳ ದೊಡ್ಡದು ಎಂಬುದು ನನ್ನ ನಂಬಿಕೆ.

ಮೊದಲಿಗೆ, ನಮ್ಮ ಕಪಾಟಿನ ವ್ಯವಸ್ಥೆ ಈ ಪ್ರಶ್ನೆಗೆ ಏಕೆ ಉತ್ತರ ಕೊಡಲಾರದು ಎಂಬುದನ್ನು ನೋಡೋಣ. ಆಮೇಲೆ ಅಮೆರಿಕದ ಗ್ರಂಥಪಾಲಕರು ಈ ಕೆಲಸಕ್ಕೆ ರೂಪಿಸಿದ ಕ್ರಮವನ್ನು ಹೇಳಿ, ಅದನ್ನು ಕನ್ನಡ ಕಾದಂಬರಿಗಳ ನಡುವೆ ಇಟ್ಟು ಪರೀಕ್ಷಿಸುತ್ತೇನೆ. ಹೆಚ್ಚಿನ ಸಮಯ ಅಲ್ಲಿಯೇ ಕಳೆಯುವುದು ನನಗಿಷ್ಟ. ಕೊನೆಗೆ ಸಿಬ್ಬಂದಿಯ ತಯಾರಿಯ ಬಗ್ಗೆ ಕೆಲವು ಮಾತು.

ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು ಇಲ್ಲಿರುವ ವಿದ್ಯಾರ್ಥಿಗಳಿಗೆ ಕಂಠಪಾಠ. ಪ್ರತಿ ಓದುಗರಿಗೂ ಅವರದೊಂದು ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗರು ಸಿಗಬೇಕು ಎಂಬುದು ಅವುಗಳಲ್ಲಿ ಎರಡರ ಆಶಯ. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ, 1962ರಲ್ಲಿ ಇಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಅವರನ್ನು ನಾವು ನಮ್ಮವರೆಂದೇ ಎಣಿಸುತ್ತೇವೆ. ಆದರೆ ಅವರ ವರ್ಗೀಕರಣ ಪದ್ಧತಿಯೇ ಆಗಲಿ, ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ದಶಾಂಶ ಪದ್ಧತಿಯೇ ಆಗಲಿ, ಕಾದಂಬರಿಯ ಸ್ವಭಾವವನ್ನು ಹೇಳುವುದಿಲ್ಲ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಅದರ ಮುಂದೆ 3 ಸೇರಿಸಿದರೆ ಕಥನ ಸಾಹಿತ್ಯ. ಪತ್ತೇದಾರಿ, ಐತಿಹಾಸಿಕ, ಸಾಮಾಜಿಕ, ವೈಜ್ಞಾನಿಕ ಎಲ್ಲವೂ ಆ ಒಂದೇ ಸಂಖ್ಯೆಯಡಿ ಬಂದು ನಿಲ್ಲುತ್ತವೆ. ಅದರೊಳಗೆ ನಾವು ಲೇಖಕರ ಹೆಸರಿನ ಅಕಾರಾದಿಯಲ್ಲಿ ಜೋಡಿಸುತ್ತೇವೆ.

ರಂಗನಾಥನ್ನರ ಕೋಲನ್ ಪದ್ಧತಿಯಲ್ಲಿ ಒಂದು ಸ್ವಾರಸ್ಯವಿದೆ. ಅಲ್ಲಿ ಭಾಷೆ, ಪ್ರಕಾರಗಳ ನಂತರ ಲೇಖಕರನ್ನು ಅವರು ಹುಟ್ಟಿದ ವರ್ಷದಿಂದ ಗುರುತಿಸುತ್ತಾರೆ. ತ್ರಿವೇಣಿ ಹುಟ್ಟಿದ್ದು 1928ರಲ್ಲಿ. ಯಶವಂತ ಚಿತ್ತಾಲರೂ ಅದೇ ವರ್ಷ. ಹಾಗಾಗಿ 'ಶರಪಂಜರ' ಮತ್ತು 'ಶಿಕಾರಿ' ಅಕ್ಕಪಕ್ಕದಲ್ಲೇ ಬಂದು ಕೂರುತ್ತವೆ. ನಮ್ಮ ಸಾಹಿತ್ಯ ಚರ್ಚೆಯಲ್ಲಿ ಇವೆರಡನ್ನು ಹೀಗೆ ಜೊತೆಯಾಗಿ ಕೂರಿಸಿದವರು ಕಡಿಮೆ. ಒಂದನ್ನು ಮಹಿಳೆಯರ ಜನಪ್ರಿಯ ಕಾದಂಬರಿಯೆಂದೂ ಇನ್ನೊಂದನ್ನು ನವ್ಯದ ಗಂಭೀರ ಕೃತಿಯೆಂದೂ ಬೇರೆಬೇರೆ ಕೋಣೆಗಳಲ್ಲಿ ಇಟ್ಟಿದ್ದೇವೆ. ಆದರೆ ಎರಡನ್ನೂ ಓದಿದವರು ಯೋಚಿಸಿ. ಹೆರಿಗೆಯ ನಂತರ ಮನಸ್ಸು ಕೆಟ್ಟು, ಗುಣವಾಗಿ ಮನೆಗೆ ಮರಳಿದ ಮೇಲೂ ಸುತ್ತಲಿನವರ ಕಣ್ಣಲ್ಲಿ ಹುಚ್ಚಿಯಾಗಿಯೇ ಉಳಿಯುವ ಕಾವೇರಿ ಒಂದು ಕಡೆ. ಮುಂಬಯಿಯ ಕಂಪನಿಯೊಂದರ ದೊಡ್ಡ ಹುದ್ದೆಯಿಂದ ಇದ್ದಕ್ಕಿದ್ದಂತೆ ಅಮಾನತಾಗಿ, ತನ್ನ ವಿರುದ್ಧ ಸಂಚು ಹೂಡಿದವರು ಯಾರೆಂದು ಎಲ್ಲರನ್ನೂ ಅನುಮಾನಿಸುತ್ತ ಹೋಗುವ ನಾಗಪ್ಪ ಇನ್ನೊಂದು ಕಡೆ. ಸುತ್ತಲಿನವರ ನೋಟಕ್ಕೆ ಸಿಕ್ಕಿಬಿದ್ದ ಒಂಟಿ ಮನಸ್ಸು ಎರಡರಲ್ಲೂ ಇದೆ. ವರ್ಗಸಂಖ್ಯೆ ಆಕಸ್ಮಿಕವಾಗಿ ಮಾಡಿದ ಈ ಜೋಡಣೆಯನ್ನು ತಿಳಿದು ಮಾಡಬೇಕಾದವರು ಕೌಂಟರಿನಲ್ಲಿರುವ ನಾವು.

ಕಪಾಟು ಹೇಳದಿರುವುದನ್ನು ಹೇಳುವ ಒಂದು ವಸ್ತು ಪುಸ್ತಕದೊಳಗೇ ಇದೆ. ಅದು ಕೊನೆಯಲ್ಲಿ ಅಂಟಿಸಿದ ದಿನಾಂಕದ ಚೀಟಿ. ಬಹಳ ಓಡಿದ ಪುಸ್ತಕವೊಂದನ್ನು ತೆರೆದು ನೋಡಿ. ಚೀಟಿಯ ಮೇಲೆ ಚೀಟಿ ಅಂಟಿಸಿ ಅಂಟಿಸಿ ಹಿಂದಿನ ರಟ್ಟು ದಪ್ಪವಾಗಿರುತ್ತದೆ. ಮುದ್ರೆಗಳು ಓರೆಕೋರೆಯಾಗಿ ಒಂದರ ಮೇಲೊಂದು ಬಿದ್ದಿರುತ್ತವೆ. ಕೆಲವು ಪುಸ್ತಕಗಳಲ್ಲಿ ಯಾವುದೋ ಒಂದು ಪುಟಸಂಖ್ಯೆಯ ಸುತ್ತ ಪೆನ್ಸಿಲ್ಲಿನ ಸಣ್ಣ ಸೊನ್ನೆ ಕಾಣುತ್ತದೆ, ಅಥವಾ ಮೂಲೆಯಲ್ಲೊಂದು ಚುಕ್ಕೆ. ವಾರಕ್ಕೆ ಎರಡು ಮೂರು ಕಾದಂಬರಿ ಮುಗಿಸುವ ಹಿರಿಯ ಓದುಗರು, ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ತಮಗಾಗಿ ಮಾಡಿಕೊಂಡ ಗುರುತು ಅದು. ನಿಯಮದ ಪ್ರಕಾರ ತಪ್ಪು. ಆದರೆ ಒಬ್ಬರದೇ ಗುರುತು ಯಾವ ಯಾವ ಪುಸ್ತಕಗಳಲ್ಲಿದೆ ಎಂದು ನೋಡುತ್ತ ಹೋದರೆ ಆ ಓದುಗರ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನಲ್ಲಿ, ಎನ್. ನರಸಿಂಹಯ್ಯನವರ ಪತ್ತೇದಾರಿಯಲ್ಲಿ, ಕಾರಂತರ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ಒಂದೇ ಸೊನ್ನೆಯನ್ನು ನಾನು ಕಂಡಿದ್ದೇನೆ. ಪ್ರಕಾರಗಳ ಗೋಡೆ ಓದುಗರಿಗಿಂತ ವಿಮರ್ಶಕರ ತಲೆಯಲ್ಲೇ ಹೆಚ್ಚು ಗಟ್ಟಿಯಾಗಿದೆ ಎಂದು ನನಗನ್ನಿಸಿದ್ದು ಅಂಥ ಗುರುತುಗಳಿಂದ.

ಇನ್ನು ಎರಡನೆಯ ವಿಷಯಕ್ಕೆ ಬರುತ್ತೇನೆ. ಓದುಗರಿಗೆ ಪುಸ್ತಕ ಸೂಚಿಸುವುದು ಒಂದು ವೃತ್ತಿಕೌಶಲವಾಗಿ ಬೆಳೆದದ್ದು ಅಮೆರಿಕದಲ್ಲಿ. 1920ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಜೆನಿ ಫ್ಲೆಕ್ಸ್‌ನರ್ ಎಂಬ ಗ್ರಂಥಪಾಲಕಿ ಓದುಗರ ಸಲಹಾ ವಿಭಾಗದ ಹೊಣೆ ಹೊತ್ತರು. ಬಂದವರನ್ನು ಕೂರಿಸಿ ಮಾತಾಡಿಸಿ, ಅವರವರಿಗೆ ತಕ್ಕ ಪಟ್ಟಿ ಮಾಡಿಕೊಡುವುದು ಅಲ್ಲಿನ ಕೆಲಸ. ಆಗಿನ ಗುರಿ ವಯಸ್ಕರ ಶಿಕ್ಷಣ. ಓದುಗರನ್ನು ಕ್ರಮವಾಗಿ ಮೇಲಕ್ಕೆ ಹತ್ತಿಸಬೇಕು, ಹಗುರವಾದ ಕಾದಂಬರಿ ಆ ಏಣಿಯ ಕೆಳಗಿನ ಮೆಟ್ಟಿಲು ಎಂಬ ಭಾವನೆ ಆ ಕಾಲದ ಗ್ರಂಥಾಲಯಗಳಲ್ಲಿ ಗಾಢವಾಗಿತ್ತು. ದಶಕಗಳು ಕಳೆದ ಮೇಲೆ, 1989ರಲ್ಲಿ, ಶಿಕಾಗೋ ಸಮೀಪದ ಡೌನರ್ಸ್ ಗ್ರೋವ್ ಗ್ರಂಥಾಲಯದ ಅನುಭವದಿಂದ ಜಾಯ್ಸ್ ಸಾರಿಕ್ಸ್ ಮತ್ತು ನ್ಯಾನ್ಸಿ ಬ್ರೌನ್ ಒಂದು ಪುಸ್ತಕ ಬರೆದರು. ಅವರು ಏಣಿಯನ್ನು ಪಕ್ಕಕ್ಕಿಟ್ಟರು. ಓದುಗರು ಸಂತೋಷಕ್ಕಾಗಿ ಓದುತ್ತಾರೆ, ಆ ಸಂತೋಷ ಎಲ್ಲಿಂದ ಬರುತ್ತದೆ ಎಂದು ಕೇಳಿ ತಿಳಿಯುವುದೇ ನಮ್ಮ ಕೆಲಸ ಎಂದರು. ಕತೆಯ ವೇಗ, ಪಾತ್ರಗಳು, ಕಥಾವಸ್ತು, ಕತೆ ನಡೆಯುವ ಆವರಣ, ಹೀಗೆ ಓದುಗರನ್ನು ಹಿಡಿದಿಡುವ ಅಂಶಗಳನ್ನು ಗುರುತಿಸಿದರು. ಸಿಯಾಟಲ್ ನಗರದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಇದನ್ನೇ ಇನ್ನೂ ಸರಳವಾಗಿ ಹೇಳಿದರು: ಪುಸ್ತಕದೊಳಗೆ ಹೋಗಲು ನಾಲ್ಕು ಬಾಗಿಲು, ಕತೆ, ಪಾತ್ರ, ಆವರಣ, ಭಾಷೆ. ಪ್ರತಿ ಓದುಗರಿಗೂ ಇವುಗಳಲ್ಲಿ ಒಂದು ಬಾಗಿಲು ಉಳಿದವಕ್ಕಿಂತ ಅಗಲ.

ನಮ್ಮ ಓದುಗರು ಈ ಪರಿಭಾಷೆಯಲ್ಲಿ ಮಾತಾಡುವುದಿಲ್ಲ, ಮಾತಾಡಬೇಕಾಗಿಯೂ ಇಲ್ಲ. "ಹಿಡಿದರೆ ಕೆಳಗಿಡೋಕೆ ಆಗಲಿಲ್ಲ" ಎಂದರೆ ಅವರು ಕತೆಯಿಂದ ಒಳಹೋದವರು. "ಆ ಹೆಂಗಸು ನಮ್ಮ ದೊಡ್ಡಮ್ಮನ ಹಾಗೇ ಇದ್ದಾಳೆ" ಎಂದರೆ ಪಾತ್ರದಿಂದ. "ಆ ಮಳೆ, ಆ ಕಾಡು ಕಣ್ಣಮುಂದೆ ಬಂತು" ಎಂದರೆ ಆವರಣದಿಂದ. "ನಮ್ಮ ಕಡೆ ಮಾತು ಹಂಗಂಗೇ ಬರದಾರ್ರೀ" ಎಂದರೆ ಭಾಷೆಯಿಂದ. ಸಿಬ್ಬಂದಿ ಕೇಳಬೇಕಾದ್ದು ಇಷ್ಟೇ: "ಹೋದ ಸಲ ಒಯ್ದದ್ದರಲ್ಲಿ ಏನು ಹಿಡಿಸಿತು?" ಈ ಪ್ರಶ್ನೆಗೆ ಬರುವ ಮೊದಲ ವಾಕ್ಯವನ್ನು ಗಮನವಿಟ್ಟು ಕೇಳಿದರೆ ಅರ್ಧ ಕೆಲಸ ಆದಂತೆ. "ಯಾವ ವಿಷಯದ ಪುಸ್ತಕ ಬೇಕು?" ಎಂದು ಕೇಳಿದರೆ ಮಾತ್ರ ದಾರಿ ತಪ್ಪುತ್ತದೆ. ವಿಷಯ ಬೇಕಾದವರು ಕಾದಂಬರಿಯ ಕಪಾಟಿಗೆ ಬರುವುದು ಅಪರೂಪ.

ಈಗ ಮೂರನೆಯ, ನನಗೆ ಅತಿ ಪ್ರಿಯವಾದ ಭಾಗ. ಕನ್ನಡದ ಪ್ರಕಾರಗಳ ನಡುವೆ ಹೇಗೆ ದಾಟಿಸುವುದು?

ಪತ್ತೇದಾರಿಯಿಂದ ಶುರು ಮಾಡೋಣ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯ ಶಾಲೆಯಲ್ಲಿ ಹೆಚ್ಚು ಓದಿದವರಲ್ಲ, ಬಸ್ ಕಂಡಕ್ಟರ್ ಆಗಿದ್ದವರು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಕನ್ನಡ ಓದಲು ಕಲಿತವರು ಈ ನಾಡಿನಲ್ಲಿ ಬಹಳ ಮಂದಿ. ಕನ್ನಡ ಬಾವುಟದ ರೂಪ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ. ಈ ಓದುಗರಿಗೆ "ಇನ್ನು ಸ್ವಲ್ಪ ಒಳ್ಳೆಯದು ಓದಿ" ಎಂದು ಹೇಳುವುದು ಅವಮಾನ. ಆದರೆ ಅವರಿಗೆ ಬೇಕಾದ ಕುತೂಹಲ, ಒಂದು ಒಗಟು ಬಿಚ್ಚಿಕೊಳ್ಳುವ ಸುಖ, ಬೇರೆ ಕಪಾಟಿನಲ್ಲೂ ಇದೆ ಎಂದು ತೋರಿಸಬಹುದು. ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಹೆಚ್ಚುಕಡಿಮೆ ಒಂದು ಹಗಲು ರಾತ್ರಿಯಲ್ಲಿ ನಡೆದುಹೋಗುತ್ತದೆ. ಏಲಕ್ಕಿ ಮಾರಲು ಹೊರಟ ಯುವ ದಂಪತಿ, ಅವರ ಹಿಂದೆ ಬಿದ್ದ ದಂಧೆಯವರು, ರೈಲು, ಹಳೆಯ ಗ್ರಂಥವೊಂದರ ಗೂಢ. ಪತ್ತೇದಾರಿ ಓದುಗರು ಅದರೊಳಗೆ ಸರಾಗವಾಗಿ ಹೋಗುತ್ತಾರೆ. ಹೊರಬರುವಾಗ ಮಲೆನಾಡಿನ ಅರ್ಥವ್ಯವಸ್ಥೆ ಹದಗೆಟ್ಟ ಬಗೆಯೂ ಅವರ ಜೊತೆ ಬಂದಿರುತ್ತದೆ. ಅಲ್ಲಿಂದ 'ಚಿದಂಬರ ರಹಸ್ಯ', ಅಲ್ಲಿಂದ ನಾನಾಗಲೇ ಹೇಳಿದ 'ಶಿಕಾರಿ'. ನವ್ಯದ ಕೃತಿಯೆಂಬ ಹೆಸರು ಹೊತ್ತ 'ಶಿಕಾರಿ'ಯನ್ನು "ಸಂಚು ಯಾರದೆಂದು ಹುಡುಕುವ ಕತೆ" ಎಂದು ಹೇಳಿ ಕೊಟ್ಟು ನೋಡಿ. ಓದಿಬರುವವರಿದ್ದಾರೆ.

ಈ ಸಂಚಾರ ಒಂದೇ ದಿಕ್ಕಿನದಾಗಬಾರದು. ಅನಂತಮೂರ್ತಿ, ಚಿತ್ತಾಲರನ್ನು ಮಾತ್ರ ಓದುವ ಪ್ರಾಧ್ಯಾಪಕರ ಕೈಗೆ ಟಿ.ಕೆ. ರಾಮರಾವ್ ಅವರ ಪುಸ್ತಕ ಕೊಡುವ ಧೈರ್ಯವೂ ನಮಗಿರಬೇಕು. ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದ ಅದೇ ಲೇಖಕರು 'ಬಂಗಾರದ ಮನುಷ್ಯ' ಬರೆದರು. 1972ರಲ್ಲಿ ತೆರೆಗೆ ಬಂದ ಅದರ ಸಿನಿಮಾ ಕಂಡು ವಿದ್ಯಾವಂತ ಹುಡುಗರು ಊರಿಗೆ ಮರಳಿ ಬೇಸಾಯ ಹಿಡಿದರೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಲೇಖಕರನ್ನು ಒಂದು ಪ್ರಕಾರಕ್ಕೆ ಕಟ್ಟಿಹಾಕಿದರೆ ಇಂಥ ಪುಸ್ತಕಗಳು ನಮ್ಮ ಕಣ್ಣಿನಿಂದಲೇ ಮರೆಯಾಗುತ್ತವೆ.

ಐತಿಹಾಸಿಕ ಕಾದಂಬರಿಯ ಓದುಗರ ಬಗ್ಗೆ ಸ್ವಲ್ಪ ನಿಲ್ಲಬೇಕು. ಏಕೆಂದರೆ ಇಲ್ಲಿ ಪ್ರಕಾರದ ಹೆಸರು ಅತಿ ಹೆಚ್ಚು ಮೋಸ ಮಾಡುತ್ತದೆ. ತ.ರಾ.ಸು. ಅವರ 'ದುರ್ಗಾಸ್ತಮಾನ'ವನ್ನು ಹಿಂತಿರುಗಿಸಿದವರಿಗೆ ಯೋಚಿಸದೆ ಇನ್ನೊಂದು ರಾಜಮಹಾರಾಜರ ಕತೆ ಕೊಟ್ಟುಬಿಡುತ್ತೇವೆ. ಕೋಟೆ, ಯುದ್ಧ, ವೈಭವ ಹಿಡಿಸಿದವರಿಗೆ ಅದು ಸರಿ. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಕೊಡಬಹುದು. 2019ರಲ್ಲಿ ಬಂದ ವಸುಧೇಂದ್ರರ 'ತೇಜೋ ತುಂಗಭದ್ರಾ' ಕೊಡಬಹುದು, ಲಿಸ್ಬನ್ನಿನಿಂದ ವಿಜಯನಗರದವರೆಗೆ ಹರಡಿದ ಆ ಕತೆಯನ್ನು ಕಿರಿಯರೂ ಹಿರಿಯರೂ ಕೇಳಿ ಒಯ್ಯುತ್ತಾರೆ. ಆದರೆ ಓದುಗರೊಬ್ಬರು 'ದುರ್ಗಾಸ್ತಮಾನ'ವನ್ನು ಮೇಜಿನ ಮೇಲಿಟ್ಟು, "ಮದಕರಿ ಕೊನೆಗೆ ಒಬ್ಬಂಟಿ ಆಗಿಬಿಡ್ತಾನಲ್ಲ, ಅದನ್ನು ಓದೋಕಾಗಲಿಲ್ಲ" ಎಂದದ್ದನ್ನು ನಾನು ಕೇಳಿದ್ದೇನೆ. ಅವರನ್ನು ತಟ್ಟಿದ್ದು ಯುದ್ಧ ಆಗಿರಲಿಲ್ಲ. ಒಬ್ಬ ದೊರೆಯ ಪತನವನ್ನು ಒಳಗಿನಿಂದ ನೋಡುವ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಅವರಿಗೆ ಒಂದು ದಾರಿ. ಇನ್ನೊಂದು ದಾರಿ ಇತಿಹಾಸದಿಂದಲೇ ಹೊರಗೆ, ಕಾರಂತರ 'ಬೆಟ್ಟದ ಜೀವ'ಕ್ಕೆ. ಘಟ್ಟದ ಕಾಡಿನ ಅಂಚಿನಲ್ಲಿ, ಮನೆ ಬಿಟ್ಟುಹೋದ ಮಗನನ್ನು ನೆನೆಯುತ್ತ, ಬಂದ ಅತಿಥಿಗೆ ತೋಟ ತೋರಿಸುವ ಗೋಪಾಲಯ್ಯ ದಂಪತಿಯಲ್ಲಿ ಆ ಒಂಟಿತನವೇ ಇದೆ. ಅಲ್ಲಿ ರಾಜ್ಯವೂ ಇಲ್ಲ, ಕೋಟೆಯೂ ಇಲ್ಲ. ಆ ಓದುಗರು ಎರಡನ್ನೂ ಒಯ್ದರು.

ಸಾಮಾಜಿಕ ಕಾದಂಬರಿಯ ವಿಷಯದಲ್ಲಿ ನಮ್ಮ ಪೂರ್ವಗ್ರಹ ಇನ್ನೂ ಹೆಚ್ಚು. ಹೆಂಗಸರು ಬಂದರೆ ಸಾಯಿಸುತೆ, ಗಂಡಸರು ಬಂದರೆ ಭೈರಪ್ಪ ಎಂದು ಕೈ ತಾನಾಗಿ ಹೋಗುತ್ತದೆ. 'ಬೆಳ್ಳಿಮೋಡ', 'ಗೆಜ್ಜೆಪೂಜೆ', 'ಶರಪಂಜರ' ಪುಟ್ಟಣ್ಣನವರ ಸಿನಿಮಾಗಳಾದಾಗ ಮೂಲ ಕಾದಂಬರಿ ಹುಡುಕಿಕೊಂಡು ಬಂದವರಲ್ಲಿ ಗಂಡಸರೂ ಇದ್ದರು. ಹಾಗೆಯೇ ಇತ್ತೀಚೆಗೆ, 2025ರಲ್ಲಿ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಬಾನು ಮುಷ್ತಾಕರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ, ಸಣ್ಣಕತೆಯನ್ನು ಎಂದೂ ಮುಟ್ಟದವರು ಅವರ ಹೆಸರು ಹೇಳಿ ಕೇಳತೊಡಗಿದರು. ಪ್ರಶಸ್ತಿಯ ಸುದ್ದಿ ಓದುಗರನ್ನು ಕೌಂಟರಿಗೆ ಒಮ್ಮೆ ತಂದು ನಿಲ್ಲಿಸುತ್ತದೆ. ಎರಡನೆಯ ಪುಸ್ತಕ ನಮ್ಮ ಜವಾಬ್ದಾರಿ. ಸಾರಾ ಅಬೂಬಕ್ಕರರ 'ಚಂದ್ರಗಿರಿಯ ತೀರದಲ್ಲಿ', ಬೊಳುವಾರು ಮಹಮದ್ ಕುಂಞಿ ಅವರ ಕತೆಗಳು, ವೈದೇಹಿಯವರ ಕತೆಗಳು ಆಗ ಮೇಜಿನ ಹತ್ತಿರವೇ ಇರಬೇಕು, ಹಿಂದಿನ ಕೋಣೆಯ ಬೀರುವಿನಲ್ಲಲ್ಲ.

ವೈಜ್ಞಾನಿಕ ಕಾದಂಬರಿ ಕನ್ನಡದಲ್ಲಿ ಕಡಿಮೆ ಎಂಬ ಮಾತಿದೆ. ಇರುವುದನ್ನೇ ನಾವು ತೋರಿಸಿಲ್ಲ. ರಾಜಶೇಖರ ಭೂಸನೂರಮಠರ ಪುಸ್ತಕಗಳು ಎಷ್ಟು ಗ್ರಂಥಾಲಯಗಳಲ್ಲಿ ಹೊರಗೆ ಕಾಣುವಂತೆ ಇವೆ? ಭೈರಪ್ಪನವರನ್ನು ಸಾಲಾಗಿ ಓದಿದವರಲ್ಲೂ 2014ರ 'ಯಾನ' ಬಿಟ್ಟವರಿದ್ದಾರೆ, ಅದು ಬಾಹ್ಯಾಕಾಶದ ಕತೆಯೆಂಬ ಕಾರಣಕ್ಕೆ. ಅವರಿಗೆ ಹೇಳಬೇಕಾದ್ದು ನೌಕೆಯ ಸುದ್ದಿಯಲ್ಲ. ಗಂಡುಹೆಣ್ಣಿನ ಸಂಬಂಧ, ವಂಶ, ಹುಟ್ಟು ಇವೇ ಪ್ರಶ್ನೆಗಳನ್ನು ಲೇಖಕರು ಅಲ್ಲಿಯೂ ಹಿಡಿದಿದ್ದಾರೆ ಎಂಬುದನ್ನು. ವಿಜ್ಞಾನ ಎಂದರೆ ಹೆದರುವವರಿಗೆ 'ಕರ್ವಾಲೊ' ಇದ್ದೇ ಇದೆ. ಹಾರುವ ಓತಿಯನ್ನು ಹುಡುಕಿ ಕಾಡು ಹೊಕ್ಕ ಮಂದಣ್ಣನ ಜೊತೆ ಹೋಗಲು ಯಾರಿಗೂ ಪಾರಿಭಾಷಿಕ ಪದಗಳು ಬೇಕಾಗಿಲ್ಲ.

ನಾಲ್ಕನೆಯದಾಗಿ, ಇದನ್ನೆಲ್ಲ ಮಾಡಬೇಕಾದ ಸಿಬ್ಬಂದಿಯ ಮಾತು. ಇಷ್ಟೆಲ್ಲ ಓದಲು ಸಮಯವೆಲ್ಲಿದೆ ಎಂದು ನೀವು ಕೇಳುವುದು ನ್ಯಾಯ. ಎಲ್ಲವನ್ನೂ ಯಾರೂ ಓದಲಾರರು. ಆದರೆ ತಮಗೆ ಇಷ್ಟವಿಲ್ಲದ ಪ್ರಕಾರದಲ್ಲೂ ಒಂದೆರಡನ್ನು ಪೂರ್ತಿ ಓದುವುದು ಈ ಕೆಲಸಕ್ಕೆ ಅಗತ್ಯ ಎಂದು ನಾನು ದೃಢವಾಗಿ ಹೇಳುತ್ತೇನೆ. ಉಳಿದವಕ್ಕೆ ಹತ್ತು ನಿಮಿಷ ಕೊಡಿ. ಮೊದಲ ಅಧ್ಯಾಯದ ಆರಂಭ, ನಡುವೆ ಎಲ್ಲಾದರೂ ಒಂದು ಸಂಭಾಷಣೆ, ಭಾಷೆಯ ಹದ, ಕತೆಯ ನಡಿಗೆ ಇಷ್ಟು ನೋಡಿದರೆ ಯಾರ ಕೈಗೆ ಕೊಡಬಹುದೆಂದು ಅಂದಾಜು ಸಿಗುತ್ತದೆ. ಮುಖ್ಯವಾಗಿ, ಓದಿ ಬಂದವರನ್ನು ಕೇಳಿ ಒಂದು ನೋಟುಬುಕ್ಕಿನಲ್ಲಿ ಅವರ ಮಾತಿನಲ್ಲೇ ಬರೆದಿಡಿ. ಆ ಪುಸ್ತಕವನ್ನು ನೀವು ಓದದಿದ್ದರೂ "ಓದಿದವರು ಹೀಗೆ ಹೇಳಿದ್ದಾರೆ" ಎಂದು ಪ್ರಾಮಾಣಿಕವಾಗಿ ಹೇಳಬಹುದು. ಅವರ ಹೆಸರನ್ನು ಮಾತ್ರ ಬರೆಯಬೇಡಿ, ಹೇಳಲೂಬೇಡಿ. ಯಾರು ಏನು ಓದುತ್ತಾರೆ ಎಂಬುದು ಅವರ ಖಾಸಗಿ ಸಂಗತಿ. ಚಿಕ್ಕ ಊರಿನಲ್ಲಿ ಇದು ಇನ್ನೂ ಸೂಕ್ಷ್ಮ.

ಒಂದೇ ಪುಸ್ತಕ ಕೊಡಬೇಡಿ, ಎರಡು ಮೂರು ಮುಂದಿಡಿ, ಆಯ್ಕೆ ಅವರದಾಗಲಿ. ಹಿಡಿಸದಿದ್ದರೆ ಓದದೆ ತನ್ನಿ ಎಂದೂ ಹೇಳಿ. ಹಿಡಿಸದ ಪುಸ್ತಕಕ್ಕೆ ಐವತ್ತು ಪುಟದ ಅವಕಾಶ ಕೊಟ್ಟು ಬಿಟ್ಟುಬಿಡಿ, ವಯಸ್ಸು ಐವತ್ತು ದಾಟಿದ ಮೇಲೆ ನೂರರಿಂದ ವಯಸ್ಸನ್ನು ಕಳೆದು ಉಳಿದಷ್ಟೇ ಪುಟ ಸಾಕು ಎಂದು ನ್ಯಾನ್ಸಿ ಪರ್ಲ್ ಸೂಚಿಸಿದ್ದಾರೆ. ಎಪ್ಪತ್ತರ ಹಿರಿಯರು ಮೂವತ್ತು ಪುಟಕ್ಕೇ ಪುಸ್ತಕ ಮುಚ್ಚಬಹುದು. ಶಾಲೆಯ ಪಾಠದಂತೆ ಕೊನೆಯ ಪುಟದವರೆಗೆ ಓದಲೇಬೇಕೆಂದು ತಿಳಿದ ನಮ್ಮ ಓದುಗರಿಗೆ ಇದನ್ನು ಹೇಳಿದಾಗ ಮುಖ ಅರಳುವುದನ್ನು ನೋಡಿದ್ದೇನೆ.

ನಮ್ಮ ಪರಿಸ್ಥಿತಿ ಸಿಯಾಟಲ್ಲಿನದಲ್ಲ ಎಂಬುದು ನನಗೆ ಗೊತ್ತು. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ನಮಗೊಂದು ಭದ್ರ ಅಡಿಪಾಯ ಕೊಟ್ಟಿತು. 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು, ಇಂದು ಅರಿವು ಕೇಂದ್ರಗಳಾಗಿವೆ. 2020ರ ಮಕ್ಕಳ ದಿನದಂದು ಆರಂಭವಾದ 'ಓದುವ ಬೆಳಕು' ಸಾವಿರಾರು ಹಳ್ಳಿಯ ಮಕ್ಕಳನ್ನು ಒಳಗೆ ಕರೆತಂದಿತು. ಆದರೆ ಅಲ್ಲಿ ಬಾಗಿಲು ತೆರೆಯುವವರು, ಧೂಳು ಒರೆಸುವವರು, ಪುಸ್ತಕ ಕೊಡುವವರು ಎಲ್ಲ ಒಬ್ಬರೇ. ನಗರಗಳಲ್ಲಿ ವಾಚನಾಲಯದ ಕುರ್ಚಿಗಳೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರಿಂದ ತುಂಬಿವೆ. ಕಾದಂಬರಿಯ ಕಪಾಟು ಅವರ ಬೆನ್ನ ಹಿಂದಿದೆ. ಅವರು ಬರುವುದು ಬಹಳ ಸಂತೋಷ. ಬೆಳಗಿನಿಂದ ಸಂಜೆಯವರೆಗೆ ಪ್ರಚಲಿತ ವಿದ್ಯಮಾನ ಉರುಹೊಡೆದು ಎದ್ದುಹೋಗುವ ಆ ಹುಡುಗಿಯ ಕೈಗೆ ಬೀಚಿಯವರ ಒಂದು ಪುಸ್ತಕವನ್ನೋ, ತೇಜಸ್ವಿಯವರ ಕಾಡಿನ ಕತೆಗಳನ್ನೋ ಇಟ್ಟು "ಮಲಗುವ ಮುಂಚೆ ನಾಲ್ಕು ಪುಟ ಓದಮ್ಮ" ಎನ್ನಲು ಇಲಾಖೆಯ ಆದೇಶ ಬೇಕಾಗಿಲ್ಲ.

ಕೊನೆಯದಾಗಿ ಎರಡು ಕೋರಿಕೆ, ಒಂದು ವಿಶ್ವವಿದ್ಯಾಲಯಗಳಿಗೆ, ಒಂದು ಇಲಾಖೆಗೆ. ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳಿಗೆ ವರ್ಗೀಕರಣ, ಸೂಚೀಕರಣ, ತಂತ್ರಾಂಶ ಎಲ್ಲ ಕಲಿಸುತ್ತೇವೆ. ಕನ್ನಡದ ಕಥನ ಪ್ರಕಾರಗಳನ್ನು ಓದಿ, ಓದುಗರ ಜೊತೆ ಮಾತಾಡುವ ಅಭ್ಯಾಸಕ್ಕೆ ಒಂದು ಪತ್ರಿಕೆಯನ್ನಾದರೂ ಮೀಸಲಿಡಬೇಕು. ಇನ್ನು ಪುಸ್ತಕಗಳ ಸಗಟು ಖರೀದಿ. ಪ್ರಕಾಶಕರು ಅರ್ಜಿ ಹಾಕುತ್ತಾರೆ, ಆಯ್ಕೆ ಸಮಿತಿ ಪಟ್ಟಿ ಮಾಡುತ್ತದೆ, ಕಟ್ಟುಗಳು ಬಂದು ಇಳಿಯುತ್ತವೆ. ಈ ದಾರಿಯಲ್ಲಿ ಓದುಗರ ದನಿ ಎಲ್ಲಿಯೂ ಇಲ್ಲ. ಪ್ರತಿ ಗ್ರಂಥಾಲಯದಲ್ಲೂ ಕೇಳಿದರೂ ಸಿಗದ ಪುಸ್ತಕಗಳಿಗಾಗಿ ಒಂದು ವಹಿ ಇರಲಿ. ದಿನಾಂಕ, ಪುಸ್ತಕದ ಹೆಸರು, ಹೆಸರು ನೆನಪಿಲ್ಲದಿದ್ದರೆ "ಗಂಡ ಬಿಟ್ಟುಹೋದ ಮೇಲೆ ಹೋಟೆಲ್ ಇಟ್ಟವಳ ಕತೆ" ಎಂಬಂಥ ಅವರದೇ ವಿವರಣೆ, ಇಷ್ಟೇ ಕಾಲಂ. ತಿಂಗಳಿಗೊಮ್ಮೆ ಅದು ಜಿಲ್ಲಾ ಕಚೇರಿಗೆ ಹೋಗಲಿ, ಆಯ್ಕೆ ಸಮಿತಿಯ ಮೇಜಿನ ಮೇಲೆ ಪ್ರಕಾಶಕರ ಅರ್ಜಿಗಳ ಪಕ್ಕದಲ್ಲೇ ಇರಲಿ. ಇದಕ್ಕೆ ಒಂದು ಉದ್ದ ನೋಟುಬುಕ್ಕು ಮತ್ತು ಒಂದು ಪೆನ್ನು ಸಾಕು. ಇಲ್ಲಿರುವ ಮೇಲ್ವಿಚಾರಕ ಮಿತ್ರರು ಬರುವ ಸೋಮವಾರವೇ ಅದನ್ನು ಶುರು ಮಾಡಬಹುದು.